ಗಿರಿಜಾಂಬಾ ಪ್ರಭಾರ ವಹಿಸಿಕೊಂಡ ಮೂರನೇ ತಿಂಗಳು

ಡಾಕ್ಟರ್ ಗಿರಿಜಾಂಬಾ ಅವರಿಗೆ ನಿರ್ದೇಶಕರ ಕುರ್ಚಿ ಬೇಕಿರಲಿಲ್ಲ. ಬನ್ನೂರು ಕಡೆಯ ಒಕ್ಕಲು ಮನೆಯಿಂದ ಮೈಸೂರಿಗೆ ಓದಲು ಬಂದವರು, ವಿಶ್ವವಿದ್ಯಾನಿಲಯದ ಚರ್ಮರೋಗ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತಾರು ವರ್ಷ ಸೂಕ್ಷ್ಮದರ್ಶಕದ ಮುಂದೆಯೇ ಕಳೆದಿದ್ದರು. ಹಳೆಯ ನಿರ್ದೇಶಕರು ನಿವೃತ್ತರಾದಾಗ ಹಿರಿಯರೆಂಬ ಕಾರಣಕ್ಕೆ ಕುಲಪತಿಗಳು ಇವರಿಗೇ ಪ್ರಭಾರ ವಹಿಸಿದರು. ಸಭೆ ಎಂದರೆ ಹೆದರಿಕೆ, ಸಹಿ ಎಂದರೆ ಅನುಮಾನ. ಒಂದೊಂದು ಕಾಗದವನ್ನೂ ಎರಡೆರಡು ಸಲ ಓದುತ್ತ ಎರಡು ತಿಂಗಳು ಹೇಗೋ ದೂಡಿದರು.

ಆಷಾಢದ ಒಂದು ಸೋಮವಾರ ಬೆಳಿಗ್ಗೆ ಡಾಕ್ಟರ್ ನಿರಂಜನ್ ಮುಖ ಸಪ್ಪೆ ಮಾಡಿಕೊಂಡು ಒಳಗೆ ಬಂದರು. ಸಂಸ್ಥೆಯೇ ತಯಾರಿಸಿದ್ದ ಇಸುಬಿನ ಮುಲಾಮನ್ನು ಎಂಬತ್ತು ಜನರ ಮೇಲೆ, ಒಂದು ಕೈಗೆ ಮುಲಾಮು, ಹೋಲಿಕೆಗೆಂದು ಇನ್ನೊಂದಕ್ಕೆ ಬರೀ ವ್ಯಾಸಲೀನು ಹಚ್ಚಿಸಿ ಪರೀಕ್ಷಿಸುತ್ತಿದ್ದವರು ಅವರು. ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರು. ಹೆಂಗಸೊಬ್ಬರ ಎಡಗೈ, ಮೇಲೆಲ್ಲ ನೀರು ತುಂಬಿದ ಬೊಬ್ಬೆ.

"ಸಾಕಮ್ಮ ಅಂತ. ಬೆಟ್ಟದಲ್ಲಿ ಪೂಜೆ ಸಾಮಾನು ಮಾರ್ತಾರೆ. ಆದರೆ ಮೇಡಂ, ಉಳಿದವರಲ್ಲಿ ಯಾರಿಗೂ ಏನೂ ಆಗಿಲ್ಲ. ಇನ್ನು ನಾಲ್ಕು ವಾರ ಕಳೆದರೆ ಪರೀಕ್ಷೆ ಮುಗೀತು."

ಗಿರಿಜಾಂಬಾ ಫೋಟೊವನ್ನು ಬಹಳ ಹೊತ್ತು ನೋಡಿದರು. "ಇವತ್ತಿಂದ ಯಾರೂ ಮುಲಾಮು ಹಚ್ಚೋದು ಬೇಡ. ಎಲ್ಲರಿಗೂ ಫೋನ್ ಮಾಡಿಸಿ."

"ಎರಡು ವರ್ಷದ ಕೆಲಸ ಮೇಡಂ!"

"ಗೊತ್ತು ನಿರಂಜನ್. ಆದರೂ ನಿಲ್ಲಿಸಿ."

ನಿರಂಜನ್ ಬಾಗಿಲು ಎಳೆದುಕೊಂಡು ಹೋದ ರಭಸಕ್ಕೆ ಕಿಟಕಿಯ ಗಾಜು ನಡುಗಿತು. ಗಿರಿಜಾಂಬಾ ಅವರಿಗೆ ತಮ್ಮ ಕಾಲದಲ್ಲೇ ಸಂಸ್ಥೆಗೆ ಕೆಟ್ಟ ಹೆಸರು ಬಂತೇ ಎಂಬ ಸಂಕಟ. ಪ್ರಭಾರದಿಂದ ಬಿಡುಗಡೆ ಮಾಡಿ ಎಂದು ಕುಲಪತಿಗಳಿಗೆ ಒಂದು ಪತ್ರವನ್ನೂ ಬರೆದಿಟ್ಟರು. ಕಳಿಸುವ ಮುಂಚೆ ರೋಗಿಯನ್ನೊಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ಆಟೊ ಹತ್ತಿದರು.

ಸಾಕಮ್ಮನ ಮನೆ ವಿದ್ಯಾರಣ್ಯಪುರಂನ ಒಂದು ಗಲ್ಲಿಯಲ್ಲಿತ್ತು. ಎಡಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದ ಆಕೆ, ಸಂಸ್ಥೆಯಲ್ಲಿ ನೋಡಿದ್ದ ಮುಖದ ಗುರುತು ಹಿಡಿದು, "ಅಯ್ಯೋ, ನೀವೇ ಬಂದ್ಬುಟ್ರಾ! ಒಳಕ್ಕೆ ಬನ್ನಿ ತಾಯಿ" ಎಂದು ಗಡಬಡಿಸಿ ಎದ್ದಳು.

"ಕೂತ್ಕೊಳ್ಳಿ. ಎಲ್ಲಿ, ಆ ಇನ್ನೊಂದು ಕೈ ತೋರಿಸಿ."

"ಈ ಕೈಗೆ ಮುಲಾಮು ಹಾಕಿಲ್ವಲ್ಲ ತಾಯಿ. ಬರೀ ವ್ಯಾಸಲೀನು. ಫೋಟೊ ತೆಗೆದೋರೂ ಇದನ್ನ ಕೇಳ್ನಿಲ್ಲ" ಎನ್ನುತ್ತಲೇ ಸೆರಗಿನ ಮರೆಯಿಂದ ಬಲಗೈ ಚಾಚಿದಳು.

ಅಲ್ಲೂ ಅದೇ ಬೊಬ್ಬೆ. ಬೆರಳ ಸಂದಿಯಿಂದ ಹೊರಟು ಮಣಿಕಟ್ಟಿನವರೆಗೆ, ನೀರು ಇಳಿದ ದಾರಿಯ ಹಾಗೆ ಉದ್ದಕ್ಕೆ ಸುಟ್ಟ ಗೆರೆ.

ಗಿರಿಜಾಂಬಾ ಆ ಕೈಯನ್ನು ಹಿಡಿದು ಬೆಳಕಿಗೆ ತಿರುಗಿಸಿದರು. "ಶುಕ್ರವಾರ ಏನು ಕೆಲಸ ಮಾಡಿದ್ರಿ ಸಾಕಮ್ಮ?"

"ಇನ್ನೇನು, ನಿಂಬೆಹಣ್ಣಿನ ದೀಪ. ಆಷಾಢ ಶುಕ್ರವಾರ ಅಂದ್ರೆ ಜನ ಕೇಳ್ಬೇಕಾ? ನಾನೂರು ಹಣ್ಣು ಹಿಂಡಿ, ಸಿಪ್ಪೆ ಮಗುಚಿ ಕೊಟ್ಟೆ. ಮೋಡ ಬೇರೆ ಇರ್ಲಿಲ್ಲ, ಬಿಸ್ಲಲ್ಲೇ ಕೂತಿದ್ದೆ ಕಣವ್ವ."

ನಿಂಬೆಹಣ್ಣಿನ ರಸ ಹತ್ತಿದ ಚರ್ಮಕ್ಕೆ ಸುಡುಬಿಸಿಲು ಬಿದ್ದರೆ ಎರಡು ಮೂರು ದಿನದಲ್ಲಿ ಹೀಗೆಯೇ ಬೊಬ್ಬೆ ಏಳುತ್ತದೆ. ಮುಲಾಮಿನ ತಪ್ಪಾಗಿದ್ದರೆ ಬಲಗೈ ಸುಡಬೇಕಾಗಿರಲಿಲ್ಲ. ಗಿರಿಜಾಂಬಾ ಜಗಲಿಯ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಾಕಮ್ಮ ಗಾಬರಿಯಾದಳು: "ಅಷ್ಟೊಂದು ಕೆಟ್ಟ ಕಾಯ್ಲೆನಾ?"

"ಇಲ್ಲ ಕಣಮ್ಮ, ವಾಸಿಯಾಗತ್ತೆ. ಕಲೆ ಮಾತ್ರ ಕೆಲವು ತಿಂಗಳು ಇರತ್ತೆ. ಇನ್ಮೇಲೆ ಹಣ್ಣು ನೆರಳಲ್ಲಿ ಕೂತು ಹಿಂಡಿ, ಕೂಡಲೇ ಸೋಪು ಹಾಕಿ ಕೈ ತೊಳ್ಕೊಳ್ಳಿ." ಆಕೆ ಕೊಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ಗುರುವಾರ ಪರಿಶೀಲನಾ ಸಮಿತಿಯ ಮುಂದೆ ಎರಡೂ ಕೈಗಳ ಫೋಟೊ ಇಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದರು. ಪರೀಕ್ಷೆ ಮುಂದುವರಿಸಲು ಒಪ್ಪಿಗೆ ಸಿಕ್ಕಿತು. ಹೊರಗೆ ಬಂದ ಮೇಲೆ ನಿರಂಜನ್, "ಅವತ್ತು ಮನಸ್ಸಲ್ಲೇ ನಿಮ್ಮನ್ನ ಬೈಕೊಂಡಿದ್ದೆ ಮೇಡಂ. ನೀವು ನಿಲ್ಲಿಸಿ, ಅವರ ಮನೆಗೇ ಹೋಗದೆ ಇದ್ದಿದ್ರೆ ನಾನು ಆ ಬಲಗೈಯನ್ನ ನೋಡ್ತಲೇ ಇರ್ಲಿಲ್ಲ" ಅಂದರು.

"ಬೈದಿದ್ದು ಗೊತ್ತಾಯ್ತು ಬಿಡಿ, ಬಾಗಿಲ ಸದ್ದಲ್ಲೇ" ಎಂದು ಗಿರಿಜಾಂಬಾ ನಕ್ಕರು. ಕುಲಪತಿಗಳಿಗೆ ಬರೆದ ಪತ್ರವನ್ನು ಹರಿದು ಕಸದ ಬುಟ್ಟಿಗೆ ಹಾಕಿ, ಮಧ್ಯಾಹ್ನ ಮೂರಕ್ಕಿದ್ದ ಸಭೆಗೆ ಯಾರಾದರೂ ಕರೆಯುವ ಮೊದಲೇ ಹೋಗಿ ಕೂತರು.