ಮಧ್ಯಾಹ್ನ ಮೂರರ ಮಾಲಕಂಸ

ಸಂಗೀತದ ಬಗ್ಗೆ ನಾಲ್ಕು ಸಾಲು ಬರೆದರೆ ಫೌಜದಾರರು ಕರೆಸುತ್ತಾರೆ ಎಂದರೆ ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಸೋಮವಾರ ಠಾಣೆಯ ಬೆಂಚಿನ ಮೇಲೆ ಕುಳಿತ ಮೇಲೆ ನಂಬಿದೆ.

ಆದದ್ದಿಷ್ಟು. ಹೋದ ವಾರ ಹೊನ್ನಾವರದಲ್ಲಿ ಮಂಕಿಯ ಸುಬ್ರಾಯ ಮಾಸ್ತರರ ಗಾಯನವಿತ್ತು. ಮಾಲಕಂಸ ಹಾಡಿದರು. ಅದು ನಡುರಾತ್ರಿಯ ರಾಗ. ಹಾಡಿದ್ದು ಮಧ್ಯಾಹ್ನ ಮೂರಕ್ಕೆ! "ಕಂಠ ಮಧುರ, ಹೊತ್ತು ಮಾತ್ರ ತಪ್ಪಿತು" ಎಂದು ಇದೇ ಅಂಕಣದಲ್ಲಿ ಬರೆದೆ. (ನೀವು ಓದಿಲ್ಲದಿದ್ದರೂ ಫೌಜದಾರರು ಓದಿದ್ದಾರೆ.)

"ಏನ್ರೀ, ಸರಕಾರಕ್ಕ ಬೈದೀರಂತ?" ಧಾರವಾಡದ ಕಡೆಯ ಫೌಜದಾರರು ಪತ್ರಿಕೆಯನ್ನು ಮೇಜಿಗೆ ಬಡಿದರು.

"ಇಲ್ಲ ಸಾಹೇಬ್ರೆ, ಹಾಡಿನ ಬಗ್ಗೆ ಹೇಳಿದ್ದು."

"ಕತ್ತಲಾದ ಮ್ಯಾಲ ಜನ ಸೇರಬಾರದು ಅಂತ ಹುಕುಂ ಐತಿ. ಅದಕ್ಕ ಮಧ್ಯಾಹ್ನ ಪರ್ಮಿಶನ್ ಕೊಟ್ಟೀವಿ. ಹೊತ್ತು ತಪ್ಪು ಅಂದ್ರ ಹುಕುಂ ತಪ್ಪು ಅಂದಂಗ ಆತಲ್ಲ? ಹೊತ್ತು ಸರಿ ಇತ್ತು ಅಂತ ಈ ವಾರ ಬರೀರಿ."

ರಾಗದ ಹೊತ್ತನ್ನು ಇನ್ನು ಮೇಲೆ ಠಾಣೆಯಲ್ಲಿ ಕೇಳಿ ತಿಳಿಯಬೇಕೇ?

ಕುಮಟೆಯ ನಮ್ಮ ಪತ್ರಿಕೆಯ ಕಚೇರಿಗೆ ಬಂದರೆ ಬಾಗಿಲಲ್ಲೇ ಮಾಸ್ತರರು.

"ಎಂತ ಬರದ್ರಿ ಮಾರಾಯ್ರೆ? ಭಟ್ಕಳದಿಂದ ಜನ ಮಾಲಕಂಸ ಕೇಳುಕೇ ಬಂದಿದ್ರು. ರಾತ್ರೆ ಬಿಡುದಿಲ್ಲ ಅಂದ್ರೆ ನಾ ಎಂತ ಮಾಡುದು? ಈಗ ಪಾಠ ಹೇಳಿಸಿಕೊಳ್ಳು ಮಕ್ಕಳ ಮನೆಯವ್ರು, ಹೊತ್ತು ಗೊತ್ತಿಲ್ದ ಮಾಸ್ತರ್ರು ಬೇಡ ಅಂತ್ರು. ಹುಕುಂ ಇತ್ತು ಅಂತ ಬರೀರಿ. ನಂಗೆ ಬೇರೆ ಕಸುಬು ಗೊತ್ತಿಲ್ಲ."

ಅವರ ಮುಖ ನೋಡಿ ಸಂಕಟವಾಯಿತು. ಏನು ಬರೆಯಲಿ ಎಂದು ಒಳಗೆ ಸಂಪಾದಕರನ್ನು ಕೇಳಿದೆ.

"ಹುಕುಂ ಸುದ್ದಿ ಬೇಡ, ಪ್ರೆಸ್ಸಿಗೆ ಬೀಗ ಬೀಳ್ತದೆ" ಎಂದರು. "ಮಾಸ್ತರ್ರ ಹೊಟ್ಟೆ ಮೇಲೂ ಹೊಡೀಬೇಡ."

ಹಾಗಾದರೆ ಬರೆಯುವುದೇನು? "ಅದೇ ನಂಗೂ ಗೊತ್ತಾಗುದಿಲ್ಲ" ಎಂದು ಪ್ರೂಫಿನಲ್ಲಿ ತಲೆ ಹುದುಗಿಸಿದರು.

ಇನ್ನೊಂದು ಫಜೀತಿ ಕೇಳಿ. ಅಂದು ಮಾಸ್ತರರ ಹಾಡು ಕೇಳುತ್ತ ಆ ಬಿಸಿಲಲ್ಲೂ ಒಂದು ಗಳಿಗೆ ಕಣ್ಣು ಮುಚ್ಚಿದಾಗ ನನಗೆ ನಿಜಕ್ಕೂ ರಾತ್ರಿಯೇ ಆಗಿತ್ತು. ಈಗ ಅದನ್ನು ಬರೆದರೆ ಫೌಜದಾರರು ಬರೆಸಿದ್ದು ಅನ್ನುವುದಿಲ್ಲವೇ ನೀವು?

(ಬರೆಯಬಾರದ್ದನ್ನೆಲ್ಲ ಆಗಲೇ ಬರೆದುಬಿಟ್ಟೆ. ಸಂಪಾದಕರು ಕತ್ತರಿ ಹುಡುಕುವ ಮೊದಲು ಮುಗಿಸುತ್ತೇನೆ.)

ಎಲ್ಲರಿಗೂ ಸಮಾಧಾನವಾಗುವಂತೆ ನನ್ನ ತಿದ್ದುಪಡಿ ಇದು: ಮಾಸ್ತರರಿಗೆ ಹೊತ್ತು ಚೆನ್ನಾಗಿ ಗೊತ್ತು, ಸರಕಾರದ್ದೂ ಏನೂ ತಪ್ಪಿಲ್ಲ.

ಹಾಗಾದರೆ ಮಧ್ಯಾಹ್ನ ಮೂರಕ್ಕೆ ನಡುರಾತ್ರಿ ಮಾಡಿದವರು ಯಾರು?