ಲಂಗ ಸೋಕಿದ ಕೊಪ್ಪರಿಗೆ

ಗ್ರೋಫೊ ಹೇಡಿ. ಅವನು ನನ್ನ ಚಿಕ್ಕಪ್ಪನ ಮಗ; ಆ ಕಾರಣಕ್ಕೆ ಈ ಮಾತನ್ನು ಮೆದುಗೊಳಿಸಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ರೊಮೇನಿಯಾದ ಟಿರ್ನಾವಾ ಹೊಳೆದಂಡೆಯಲ್ಲಿ, ಹೊರಗಿನವರು ಜಿಪ್ಸಿಗಳೆನ್ನುವ ನಮ್ಮ ರೋಮಾ ಜನರ ಕೇರಿಯಲ್ಲಿ ಅವನಷ್ಟು ಚೆನ್ನಾಗಿ ತಾಮ್ರ ಬಡಿಯುವವರು ಬೇರೆಯೂ ಇದ್ದರು, ಅವನಷ್ಟು ಬೇಗ ತಲೆ ತಗ್ಗಿಸುವವರು ಇರಲಿಲ್ಲ. ಸಂತೆಯಲ್ಲಿ ರೊಮೇನಿಯನ್ ರೈತರು ಅವನನ್ನು ಕಂಡು, ಕಳ್ಳ ಬಂದ, ಕೋಳಿ ಜೋಪಾನ ಎಂದರೆ ತಾನೂ ಅವರೊಡನೆ ನಗುತ್ತಿದ್ದ. ಹೆಂಡತಿ ಪಾವ್ಲೆನಾ ಸೊಸೆಯನ್ನು ಬೈಯತೊಡಗಿದರೆ ಅವನ ಸುತ್ತಿಗೆಯ ಸದ್ದು ಜೋರಾಗುತ್ತಿತ್ತು. ಸ್ವಂತ ತಮ್ಮನ ಮೇಲೆ ಸುಳ್ಳು ಆಪಾದನೆ ಬಂದಾಗ, ನಿಜ ಗೊತ್ತಿದ್ದೂ ಹಿರಿಯರ ಮುಂದೆ ಬಾಯಿ ಬಿಡಲಿಲ್ಲ. ತಮ್ಮನು ಊರು ಬಿಟ್ಟ. ಆಮೇಲೆ ಗ್ರೋಫೊ ಯಾರ ಮುಖವನ್ನೂ ನೇರವಾಗಿ ನೋಡಿದವನಲ್ಲ.

ಆ ವರ್ಷ ಕೇರಿಯ ಹಿರಿಯ ಜ್ಲಾಚೊ ತನ್ನ ಮಗನ ಮದುವೆ ಊಟಕ್ಕೆಂದು ಗ್ರೋಫೊನಿಂದ ಕೊಪ್ಪರಿಗೆ ಮಾಡಿಸಿದ. ಕಲಾಯಿ ಮುಗಿದು ಅದು ಗ್ರೋಫೊನ ಅಂಗಳದಲ್ಲಿ ತಣಿದು ಕೂತಿತ್ತು; ನಾನೂ ಅಲ್ಲೇ ಇದ್ದೆ. ಜ್ಲಾಚೊ ಮತ್ತು ಅವನ ಹೆಂಡತಿ ರಾಯ್ದಾ ಅದನ್ನು ಒಯ್ಯಲು ಒಳಗೆ ಕಾಲಿಡುವುದಕ್ಕೂ, ಸೊಸೆ ತೆರ್ಕಾಳ ಕೂಸು ಕುಲುಮೆಯತ್ತ ಅಂಬೆಗಾಲಿಡುವುದಕ್ಕೂ ಸರಿಹೋಯಿತು. ತೆರ್ಕಾ ಬಳಸಿ ಹೋಗಲಿಲ್ಲ. ಕೊಪ್ಪರಿಗೆಯನ್ನೇ ದಾಟಿ ಹಾರಿ ಕೂಸನ್ನು ಎಳೆದುಕೊಂಡಳು. ಅವಳ ಉದ್ದ ಲಂಗ ಪಾತ್ರೆಯ ಬಾಯನ್ನು ಸವರಿತು.

ಹೆಂಗಸಿನ ಲಂಗ ಸೋಕಿದ ಪಾತ್ರೆ ನಮ್ಮಲ್ಲಿ ಮೈಲಿಗೆ. ತೊಳೆದರೂ ಹೋಗದು. ಅದರಲ್ಲಿ ಉಂಡವರು, ಕುಡಿದವರು ಎಲ್ಲರೂ ಮೈಲಿಗೆ.

"ಮದುವೆ ಊಟ ಇದರಲ್ಲಾ? ಹಂದಿಗೆ ಮುಸುರೆ ಹಾಕೋಕೆ ಇಟ್ಕೊಳ್ಳಿ," ಎಂದಳು ರಾಯ್ದಾ.

ಲಂಗ ಹಿಡಿದು ನಡೆಯುವುದನ್ನು ನಿಮ್ಮವ್ವ ಕಲಿಸಲಿಲ್ಲವೇ ಎಂದು ಪಾವ್ಲೆನಾ ಸೊಸೆಯ ಮೇಲೆ ಹರಿಹಾಯ್ದಳು.

"ಕೂಸು ಕೆಂಡಕ್ಕೆ ಕೈ ಹಾಕ್ತಿತ್ತು ಅತ್ತೆ," ಎಂದಳು ತೆರ್ಕಾ. ಅದು ಸಾಲದೆಂದು ಅವಳಿಗೂ ಗೊತ್ತಿದ್ದಂತೆ ದನಿ ಇಳಿದಿತ್ತು.

ಜ್ಲಾಚೊ ಕೂಗಾಡುವ ಮನುಷ್ಯನಲ್ಲ. "ಇವಳನ್ನ ಇವತ್ತೇ ತವರಿಗೆ ಕಳಿಸು ಗ್ರೋಫೊ. ಕೂಸು ನಿಮ್ಮ ಮನೇದು, ಇಲ್ಲೇ ಇರ್ಲಿ. ಕಳಿಸ್ಲಿಲ್ಲ ಅಂದ್ರೆ ನಿಮ್ಮನೇಲಿ ನಮ್ಮೋರ್ಯಾರೂ ತೊಟ್ಟು ನೀರೂ ಮುಟ್ಟಲ್ಲ."

ತೆರ್ಕಾ ಕೂಸಿನ ತಲೆಗೆ ಬಾಯಿ ಒತ್ತಿಕೊಂಡು ನಿಂತಿದ್ದಳು. ಅವಳ ಗಂಡ ಮುರ್ಶಾ ನೆಲ ನೋಡುತ್ತಿದ್ದ, ಅಪ್ಪನಿಗೆ ತಕ್ಕ ಮಗ. ನಮ್ಮ ಮನೆತನದ ಗಂಡಸರೇ ಇಷ್ಟು ಎಂದು ನಾಚಿಕೆಯಿಂದ ನಾನು ಮುಖ ತಿರುಗಿಸುವುದರಲ್ಲಿದ್ದೆ.

ಗ್ರೋಫೊನ ಮುಖ ಕುತ್ತಿಗೆಯವರೆಗೂ ಕೆಂಪೇರಿತ್ತು. ಅವನು ಬಾವಿಯಿಂದ ಒಂದು ಬಕೆಟ್ ನೀರು ತಂದು ಕೊಪ್ಪರಿಗೆಗೆ ಸುರಿದ. ಎಲ್ಲರೂ ನೋಡುತ್ತಿರುವಂತೆಯೇ ಬಗ್ಗಿ, ಬೊಗಸೆಯಲ್ಲಿ ಎತ್ತಿ ಕುಡಿದ. ಅರ್ಧ ನೀರು ಮೀಸೆಯಿಂದ ಅಂಗಿಯ ಮೇಲೆ ಇಳಿಯಿತು.

ಮತ್ತೆ ಬಗ್ಗಿ ಇನ್ನೊಂದು ಬೊಗಸೆ ತುಂಬಿಕೊಂಡು ಮಗನ ಮುಂದೆ ಹಿಡಿದು ನಿಂತ.