ಚಿಕ್ಕಿ ಬಿದ್ದ ರಾತ್ರಿ

ಚಿಕ್ಕಿ ಎಂಬ ಮಾತನ್ನು ನಗದೆ ಹೇಳುವುದು ನನ್ನಿಂದ ಆಗದ ಕೆಲಸ. ಮೊನ್ನೆ ಹಿಂದವಾಡಿಯ ನಮ್ಮ ಮನೆಯ ಗಚ್ಚಿಯ ಮೇಲೆ ಮಕ್ಕಳು ಮೊಮ್ಮಕ್ಕಳೆಲ್ಲ ಚಾಪೆ ಹಾಸಿಕೊಂಡು ಆಕಾಶ ನೋಡುತ್ತ ಮಲಗಿದ್ದರು. ಅಂದು ಉಲ್ಕೆಗಳ ಮಳೆಯಂತೆ, ಪತ್ರಿಕೆಯಲ್ಲಿ ಬಂದಿತ್ತಂತೆ. ನನ್ನನ್ನೂ ಕೈಹಿಡಿದು ಮೇಲಕ್ಕೆ ಹತ್ತಿಸಿದರು. ಮೊದಲನೆಯದು ಜಾರಿದಾಗ "ಅಗೋ, ಚಿಕ್ಕಿ ಬಿತ್ತು!" ಎಂದೆ. ಎಂದವನೇ ಒಬ್ಬನೇ ನಗತೊಡಗಿದೆ. ಮುದುಕನಿಗೆ ಥಂಡಿ ತಲೆಗೇರಿತೆಂದು ಸೊಸೆ ಶಾಲು ತಂದು ಹೊದಿಸಿದಳು. ಶಾಲು ಹೇಗೂ ಬೇಕಾಗಿತ್ತು, ಆದ್ದರಿಂದ ನಗೆಯ ಕಾರಣವನ್ನು ಅವಳಿಗೆ ಬಿಡಿಸಿ ಹೇಳಲು ಹೋಗಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ನಕ್ಷತ್ರ ಎಂಬುದು ಪಂಚಾಂಗದಲ್ಲಿ ಇರುವಂಥದು, ಮದುವೆ ಕೂಡಿಸಲೋ ಮುರಿಯಲೋ ಉಪಯೋಗಕ್ಕೆ ಬರುವಂಥದು. ಚಿಕ್ಕಿ ಎಂದರೆ ಅಂಗಳದಲ್ಲಿ ಅಂಗಾತ ಮಲಗಿದರೆ ಪುಕ್ಕಟೆ ಕಾಣುವಂಥದು. ಆದರೆ ಇದೇ ಮಾತನ್ನು ಮರಾಠಿಯವರ ಮುಂದೆ ಆಡಿ ನೋಡಿ, ಅವರ ಕಣ್ಣು ಆಕಾಶಕ್ಕೆ ಹೋಗುವುದಿಲ್ಲ, ನಿಮ್ಮ ಕೈಗೆ ಬರುತ್ತದೆ. ಅವರಿಗೆ ಚಿಕ್ಕಿ ಎಂದರೆ ಶೇಂಗಾ ಬೆಲ್ಲ ಕೂಡಿಸಿ ಮಾಡಿದ, ಹಲ್ಲಿಗೆ ಅಂಟಿಕೊಳ್ಳುವ ಸಿಹಿ. ಬೀಳುವ ಚಿಕ್ಕಿಯ ವಿಷಯದಲ್ಲಂತೂ ಭಾಷೆಗಳಲ್ಲಿ ಒಮ್ಮತವೇ ಇಲ್ಲ. ಕನ್ನಡದಲ್ಲಿ ಅದು ಬೀಳುತ್ತದೆ. ಮರಾಠಿಯಲ್ಲಿ 'ತಾರಾ ತುಟಲಾ', ಅಂದರೆ ಮುರಿಯುತ್ತದೆ. ಖಾನಾಪುರದಲ್ಲಿ ನಮ್ಮ ಬಾಜು ಮನೆಯ ಮುಸಲ್ಮಾನ ಅಜ್ಜಿಯ ದಖ್ಖನಿಯಲ್ಲೂ ಮುರಿಯುವುದೇ. ಬಿದ್ದದ್ದನ್ನು ಎತ್ತಿಕೊಳ್ಳಬಹುದು, ಮುರಿದದ್ದನ್ನು ಏನು ಮಾಡುವುದು ಎಂದು ನಾನು ಆಗ ಬಹಳ ಚಿಂತೆ ಮಾಡಿದವನು. ಚಿಂತೆಗೆ ಕಾರಣವಿತ್ತು. ನನಗೆ ಹೊಸದಾಗಿ ಮದುವೆಯಾಗಿತ್ತು.

ಇದು ಇಪ್ಪತ್ತರ ದಶಕದ ಮಾತು. ನಾನು ಬೆಳಗಾವಿಯ ಒಂದು ಸಾಲೆಯಲ್ಲಿ ಮಾಸ್ತರ. ವಾರವೆಲ್ಲ ಅಲ್ಲೊಂದು ಖೋಲಿಯಲ್ಲಿದ್ದು, ಶನಿವಾರ ಮಧ್ಯಾಹ್ನದ ರೈಲಿಗೆ ಖಾನಾಪುರದ ಮನೆಗೆ ಬರುತ್ತಿದ್ದೆ. ಅಲ್ಲಿ ಅಪ್ಪನ ಅರಿವೆ ಅಂಗಡಿ. ನಾವು ಮೂಲ ಪಾರಿಶ್ವಾಡದ ಜೈನರು, ಮನೆಮಾತು ಕನ್ನಡ. ಅವ್ವನಿಗೆ ಮರಾಠಿ ಬಾರದೆಂದಲ್ಲ. ಕಾಯಿಪಲ್ಲೆಯವರ ಜೊತೆ ಅವಳು ಮರಾಠಿಯಲ್ಲಿ ಜಗಳಾಡುವುದನ್ನು ನಾನೇ ಕೇಳಿದ್ದೆ. ಆದರೆ ಹೊಸ್ತಿಲು ದಾಟಿ ಒಳಗೆ ಬಂದರೆ ಮುಗಿಯಿತು. "ಬಾಜಾರದ ಮಾತು ಬಾಜಾರದಾಗ, ಮನಿ ಮಾತು ಮನ್ಯಾಗ" ಎಂಬುದು ಅವಳ ಕಾನೂನು.

ಇಂಥ ಮನೆಗೆ ಮಿರಜದ ಆಚೆಯ ಹಳ್ಳಿಯಿಂದ ಕುಸುಮ ನನ್ನ ಹೆಂಡತಿಯಾಗಿ ಬಂದಳು. ಅವರೂ ಜೈನರೇ, ಆದರೆ ಮಾತು ಅಪ್ಪಟ ಮರಾಠಿ. ಪಾಪ, ಬರುವ ಮುಂಚೆ ಯಾರನ್ನೋ ಕೇಳಿ ಸ್ವಲ್ಪ ಕನ್ನಡ ಕಲಿತಿದ್ದಳು. ಕನ್ನಡದಲ್ಲಿ ಮರ್ಯಾದೆ ಕೊಡಬೇಕಾದರೆ ಕೊನೆಗೆ 'ರೀ' ಹಚ್ಚಬೇಕೆಂದು ಅವರು ಹೇಳಿಕೊಟ್ಟಿದ್ದರು, ಯಾರಿಗೆ ಹಚ್ಚಬೇಕೆಂದು ಹೇಳಿರಲಿಲ್ಲ. ಬಂದ ವಾರದೊಳಗೆ ಒಂದು ಸಂಜೆ ಹಿತ್ತಲಿನಿಂದ ಓಡಿ ಬಂದು, ನೆರೆದ ಹೆಂಗಸರ ಮುಂದೆ "ಎಮ್ಮಿ ಬಂದಾರ್ರೀ" ಎಂದಳು. ಹಿಂದೆಯೇ ಅಂಗಡಿ ಮುಚ್ಚಿ ಬಂದ ಅಪ್ಪನನ್ನು ಕಂಡು "ಮಾವಾ ಬಂತು" ಎಂದಳು. ಹೆಂಗಸರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವ್ವ ಎಲ್ಲರಿಗಿಂತ ಹೆಚ್ಚು ನಕ್ಕಳು. ಮಾತು ಆಡಿದರೆ ಹೋಯಿತು ಎನ್ನುತ್ತಾರಲ್ಲ, ಕುಸುಮಳ ಮಾತು ಖರೇನೇ ಹೋಯಿತು. ಅಂದು ಮುಚ್ಚಿದ ಬಾಯನ್ನು ಅವಳು ಮತ್ತೆ ತೆರೆಯಲಿಲ್ಲ. ಕರೆದರೆ ಬರುವಳು, ಹೇಳಿದ್ದನ್ನು ಮಾಡುವಳು, ಕೇಳಿದ್ದಕ್ಕೆ ತಲೆ ಆಡಿಸುವಳು. ನನ್ನೊಡನೆ ಕೂಡ ಅಷ್ಟೇ. ಆ ಕಾಲದಲ್ಲಿ ಹಿರಿಯರಿದ್ದ ಮನೆಯಲ್ಲಿ ಗಂಡಹೆಂಡಿರು ಮಾತಾಡುತ್ತಿದ್ದುದೇ ಕಡಿಮೆ, ಅದರಲ್ಲೂ ನಾನು ಶನಿವಾರದ ಗಂಡ.

ಹೀಗೆ ದಸರೆ ದೀವಳಿಗೆಗಳು ಮೂಕವಾಗಿಯೇ ಕಳೆದವು. ಮಾರ್ಗಶಿರದ ಚಳಿಯಲ್ಲಿ, ಮಗಳನ್ನು ತವರಿಗೆ ಕರೆದೊಯ್ಯಲು ಬರುವುದಾಗಿ ಅವಳ ತಂದೆ ಹೇಳಿ ಕಳಿಸಿದರು. ಸೋಮವಾರ ಬರುವವರಿದ್ದರು. ಅವ್ವ ನನ್ನೆದುರೇ ಅಪ್ಪನಿಗೆ ಹೇಳಿದಳು: "ಈ ಸರತಿ ಬೀಗರಿಗೆ ಹೇಳಾಕೀನ ನಾ. ಬಾಯಿ ಬರೂತನಕ ಅಲ್ಲೇ ಇಟಗೋರ್ರಿ, ಮಾತು ಕಲಿಸಿ ಕಳಸ್ರಿ ಅಂತೀನಿ." ಅವ್ವ ಹಾಗೆಂದರೆ ಬೀಗರಿಗೆ ಅವಮಾನವಾಗದೆ ಇರುತ್ತದೆಯೆ? ಅದಕ್ಕಿಂತ ಹೆಚ್ಚಾಗಿ ನನಗಿದ್ದ ಹೆದರಿಕೆ ಬೇರೆ. ತವರಿಗೆ ಹೋದ ಕುಸುಮ, ತನ್ನ ಮಾತು ತನಗೆ ಮರಳಿ ಸಿಕ್ಕಿದ ಸುಖದಲ್ಲಿ, ತಾನಾಗಿಯೇ ಅಲ್ಲಿ ಉಳಿದುಬಿಟ್ಟರೆ? ಅವಳು ತಿರುಗಿ ಬರುತ್ತಾಳೋ ಇಲ್ಲವೋ ಎಂಬುದೊಂದು ನನಗೆ ತಿಳಿಯಬೇಕಾಗಿತ್ತು. ಅದನ್ನು ಅವಳ ಬಾಯಿಂದಲೇ ಕೇಳಬೇಕಾಗಿತ್ತು.

ಅದೇ ಶನಿವಾರ ಸಾಲೆಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ರಾತ್ರಿ ಉಲ್ಕೆಗಳ ಮಳೆ ಇದೆ ಎಂದರು. "ಮಿಥುನ ರಾಶಿಯಿಂದ ಬೀಳ್ತಾವು, ನವದಂಪತಿ ನೋಡಬೇಕಾದ್ದು" ಎಂದು ನನ್ನ ಕಡೆ ಒಂದು ಕಣ್ಣು ಹೊಡೆದರು. ಮುಳುಗುವವನಿಗೆ ಹುಲ್ಲುಕಡ್ಡಿ. ರೈಲು ಇಳಿದವನೇ ಮನೆಗೆ ಓಡಿ, ನಡುಮನೆಯಲ್ಲಿ ಎಲ್ಲರಿಗೂ ಕೇಳುವಂತೆ ಸಾರಿದೆ: "ಇವತ್ತ ರಾತ್ರಿ ಹಿತ್ತಲದಾಗ ಚಿಕ್ಕಿ ಬೀಳೂದು ನೋಡೂಣು. ಮಳಿ ಬಿದ್ದಾಂಗ ಬೀಳತಾವಂತ!"

ಅವ್ವನ ಮುಖ ಕಪ್ಪಿಟ್ಟಿತು. ಇಲ್ಲಿ ನಮ್ಮ ಪುರಾಣದ ಒಂದು ಸಂಗತಿ ಹೇಳಬೇಕು. ಬೇರೆಯವರಿಗೆ ಉಲ್ಕೆ ಬಿದ್ದರೆ ಅರಸನಿಗೆ ಕೇಡು, ಬೆಳೆಗೆ ಕೇಡು. ಜೈನರ ಮನೆಯಲ್ಲಿ ಅದಕ್ಕಿಂತ ದೊಡ್ಡ ಗಂಡಾಂತರ ಉಂಟು. ಉಲ್ಕೆ ಬಿದ್ದದ್ದನ್ನು ಕಂಡು, ಸಂಸಾರವೂ ಹೀಗೆಯೇ ಕ್ಷಣಿಕವೆಂದು ತಿಳಿದು, ಅರಮನೆ ಬಿಟ್ಟು ದೀಕ್ಷೆಗೆ ನಡೆದ ತೀರ್ಥಂಕರರ ಕಥೆಯನ್ನು ಅವ್ವ ಬಸದಿಯಲ್ಲಿ ಕೇಳಿದ್ದಳು.

"ಬ್ಯಾಡಪಾ, ನೀ ಅದನ್ನ ನೋಡಬ್ಯಾಡ. ಅದನ್ನ ನೋಡೇ ದೊಡ್ಡ ದೊಡ್ಡವರು ರಾಜ್ಯ ಬಿಟ್ಟು ಅಡವಿಗಿ ಹೋದ್ರು."

"ಅವರಿಗಿ ಬಿಡಾಕ ರಾಜ್ಯ ಇತ್ತು" ಎಂದರು ಅಪ್ಪ. "ಇವಂಗೇನೈತಿ? ಒಂದು ಟೊಪಗಿ, ಒಂದು ಛತ್ರಿ. ನೋಡ್ಲಿ ಬಿಡ."

ಕೊನೆಗೆ ಅವ್ವ ಒಪ್ಪಿದಳು. ನನಗೆ ವೈರಾಗ್ಯ ಬಂದರೆ ಕೈಹಿಡಿದು ನಿಲ್ಲಿಸಲು ತಾನೂ ಬಂದು ಕೂಡುವೆನೆಂಬ ಕರಾರಿನ ಮೇಲೆ. ಹೀಗಾಗಿ ಹೆಂಡತಿಯ ಜೊತೆ ಎರಡು ಮಾತಾಡುವ ನನ್ನ ಉಪಾಯಕ್ಕೆ ಅಲ್ಲಿಗೇ ಮಣ್ಣು ಬಿತ್ತು.

ನಮ್ಮ ಮನೆಗಳಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು, ಮುಳುಗಿದ ಮೇಲೆ ಒಲೆ ಹೊತ್ತಿಸುವಂತಿಲ್ಲ. ಊಟ ಮುಗಿಸಿ, ಕತ್ತಲೆ ದಟ್ಟವಾದ ಮೇಲೆ, ಕಂಬಳಿ ಹೊದ್ದು ಹಿತ್ತಲಿಗೆ ಹೋದೆವು. ಹೋಗಿ ನೋಡಿದರೆ ನಡುಹಿತ್ತಲಲ್ಲಿ ಕಂದೀಲು. ಅದರ ಬೆಳಕಿನಲ್ಲಿ ಹಿಟ್ಟು ನಾದುವ ದೊಡ್ಡ ಪರಾತ, ಅದಕ್ಕೆ ನಯವಾಗಿ ತುಪ್ಪ ಸವರಿದೆ. ಬಾಜೂಕ್ಕೆ ಹುರಿದು ಸಿಪ್ಪೆ ತೆಗೆದ ಶೇಂಗಾ, ಕುಟ್ಟಿದ ಬೆಲ್ಲ. ಕುಸುಮ ಸೆರಗು ಹೊದ್ದು, ಮುಂದೇನು ಎಂಬಂತೆ ನಮ್ಮನ್ನೇ ನೋಡುತ್ತ ನಿಂತಿದ್ದಳು.

"ಇದೇನವಾ?" ಎಂದಳು ಅವ್ವ.

ತಿಂಗಳುಗಟ್ಟಲೆ ಮುಚ್ಚಿದ್ದ ಬಾಯಿ ಒಂದಿಷ್ಟು ತೆರೆಯಿತು. "ಚಿಕ್ಕಿ... ಪಾಡಾಕ."

ಮರಾಠಿಯಲ್ಲಿ ಸಿಹಿಯ ಪಾಕ ಹರವಿ ತುಂಡು ಕೊಯ್ಯುವುದಕ್ಕೆ 'ಪಾಡಣೆ' ಎನ್ನುತ್ತಾರೆ. ಆ ಮಾತಿನ ನೇರ ಅರ್ಥ ಬೀಳಿಸುವುದು. ನನ್ನ 'ಚಿಕ್ಕಿ ಬೀಳೂದು' ಅವಳ ಕಿವಿಗೆ ಹೊಕ್ಕು ಸಿಹಿ ಮಾಡುವ ಮಾತಾಗಿತ್ತು. ತವರಿಗೆ ಹೊರಟವಳಿಗೆ ಬುತ್ತಿ ಕಟ್ಟಿಕೊಡಲು ಅತ್ತೆಮನೆಯವರು ಮಳೆ ಸುರಿದಷ್ಟು ಚಿಕ್ಕಿ ಮಾಡುತ್ತಾರೆಂದು ಅವಳು ಹಿಗ್ಗಿಹೋಗಿದ್ದಳು. ರಾತ್ರಿ ಯಾಕೆ, ಹಿತ್ತಲಲ್ಲಿ ಯಾಕೆ, ಜೈನರಾಗಿ ಕತ್ತಲಾದ ಮೇಲೆ ಒಲೆ ಹೊತ್ತಿಸುತ್ತಾರೆಯೆ ಎಂಬ ಸಂಶಯಗಳೂ ಅವಳಿಗೆ ಬಂದಿದ್ದವಂತೆ. ಆದರೆ ಕೇಳಲು ಬಾಯಿ ಬೇಕಲ್ಲ.

ಅಪ್ಪನ ಗಂಟಲಿನಲ್ಲಿ ನಗೆ ಗುಡುಗುಡು ಎನ್ನುವುದು ನನಗೆ ಕೇಳಿಸಿತು. ಈಗೊಮ್ಮೆ ನಕ್ಕರೆ ಮುಗಿಯಿತು, ಇವಳು ಇನ್ನು ಈ ಮನೆಯಲ್ಲಿ ಬಾಯಿ ತೆರೆಯುವವಳಲ್ಲ, ಈ ಮನೆಗೆ ಬರುವವಳೂ ಅಲ್ಲ. ಅಷ್ಟರಲ್ಲಿ ಮೂಡಣದಿಂದ ಒಂದು ದೊಡ್ಡದು ಅರ್ಧ ಆಕಾಶ ಗೀರಿಕೊಂಡು ಹೋಯಿತು. ಕುಸುಮ ತನ್ನನ್ನು ತಾನೇ ಮರೆತು "ಅಗ್ಗೋಬಾಯಿ, ತಾರಾ ತುಟಲಾ!" ಎಂದು ಕೂಗಿದಳು.

"ಅದ ನೋಡವಾ ನಮ್ಮ ಚಿಕ್ಕಿ" ಎಂದಳು ಅವ್ವ ಮೆಲ್ಲಗೆ.

ಕುಸುಮ ಮೇಲೆ ನೋಡಿದಳು, ಪರಾತ ನೋಡಿದಳು. ಅರ್ಥವಾಯಿತು. ಸೆರಗು ಬಾಯಿಗೆ ಹೋಯಿತು, ಕಾಲು ಮನೆಯ ಕಡೆ ತಿರುಗಿತು. ಆಗ ಅವ್ವ ಪರಾತದ ಬಾಜೂಕ್ಕೆ ನೆಲದ ಮೇಲೆಯೇ ಕೂತು, ಹೊಸ್ತಿಲೊಳಗೆ ಎಂದೂ ಆಡದ ಮರಾಠಿಯಲ್ಲಿ ಅಂದಳು: "ಮೀ ಪಣ ಬಸ್ತೋ, ತೂ ಪಣ ಬಸ್." ನಾನೂ ಕೂಡತೀನಿ, ನೀನೂ ಕೂಡು.

ಮರಾಠಿ ಬಲ್ಲವರಿಗೆ ತಿಳಿದಿರುತ್ತದೆ, 'ಬಸ್ತೋ' ಗಂಡಸರ ಮಾತು. ಹೆಂಗಸರು 'ಬಸ್ತೇ' ಅನ್ನಬೇಕು. ಆ ಒಂದು 'ತೋ'ದಿಂದ ನಮ್ಮವ್ವನಿಗೆ ಮೀಸೆ ಬಂದುಬಿಟ್ಟಿತು. ಕುಸುಮ ಅರೆಗಳಿಗೆ ತಡೆದುಕೊಂಡಳು, ಆಮೇಲೆ ಆಗಲಿಲ್ಲ. ಅತ್ತೆಯ ಎದುರಿಗೆ ನಿಂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ, ಸ್ಪಷ್ಟ ಕನ್ನಡದಲ್ಲಿ ಅಂದಳು: "ಬಸ್ತೋ ಅಲ್ಲರೀ ಅತ್ತಿ, ಬಸ್ತೇ. ಬಸ್ತೋ ಅಂದ್ರ ಗಂಡಸೂರು."

"ಹೌದೇನ? ಇಷ್ಟ ವರ್ಷ ಬಾಜಾರದಾಗ ಗಂಡಸಾಗೇ ಅಡ್ಡಾಡೀನಿ. ಒಬ್ಬರೂ ಹೇಳ್ಲಿಲ್ಲ ನೋಡ!"

ಆಮೇಲೆ ನಮ್ಮನ್ನು ಕೇಳುವವರೇ ಇಲ್ಲ. ಇಬ್ಬರೂ ಒಂದೇ ಕಂಬಳಿಯಲ್ಲಿ ಕೂತು, ಶೇಂಗಾ ಒಡೆದು ಹೋಳು ಮಾಡುತ್ತ, ಒಬ್ಬರ ಭಾಷೆಯನ್ನು ಒಬ್ಬರು ಕೆಡಿಸುತ್ತ, ನಗುತ್ತ ಉಳಿದರು. ಮೇಲೆ ಮಿಥುನ ರಾಶಿ ತನ್ನ ಕೆಲಸ ತಾನು ಮಾಡುತ್ತಲೇ ಇತ್ತು. ನನಗೆ ವೈರಾಗ್ಯ ಬರಲಿಲ್ಲ. ಬದಲಿಗೆ ಅವ್ವನ ಮೇಲೆ ಎಂದೂ ಬಾರದಷ್ಟು ಪ್ರೀತಿ ಬಂತು. ಆ 'ತೋ' ಅವಳು ತಿಳಿಯದೆ ಆಡಿದ್ದೋ ಬೇಕೆಂದೇ ಆಡಿದ್ದೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದಾಗೆಲ್ಲ "ಹೋಗ್ ಮಾರಾಯಾ" ಎನ್ನುತ್ತಿದ್ದಳು. ಒಂದು ಭಾಷೆಯವರು ಇನ್ನೊಂದು ಭಾಷೆಯವರೊಡನೆ ಬಾಳುವುದಕ್ಕೆ ವ್ಯಾಕರಣಕ್ಕಿಂತ ಮುಂಚೆ ಬೇಕಾದದ್ದು ತಾನೂ ಒಮ್ಮೆ ನಗೆಗೀಡಾಗುವ ಧೈರ್ಯ. ಸಾಲೆಯಲ್ಲಿ ದಿನಾ ವ್ಯಾಕರಣ ಕಲಿಸುತ್ತಿದ್ದ ನನಗೆ ಅದು ಗೊತ್ತಾದದ್ದು ಹಿತ್ತಲಿನಲ್ಲಿ.

ಸೋಮವಾರ ನಾನು ಸಾಲೆಗೆ ರಜೆ ಹಾಕಿ ಮನೆಯಲ್ಲೇ ಉಳಿದೆ. ಬೀಗರು ಬಂದರು. ಅವ್ವ ಬಾಯಿಯ ಮಾತು ಎತ್ತಲೇ ಇಲ್ಲ. ಆದರೂ ನನಗೆ ಸಮಾಧಾನವಿಲ್ಲ, ನಾನು ಕೇಳಬೇಕೆಂದಿದ್ದನ್ನು ಕೇಳಿರಲಿಲ್ಲ. ಖಾನಾಪುರದ ಸ್ಟೇಶನ್ನಿಗೆ ಎಲ್ಲರೂ ಬಂದಿದ್ದೆವು. ಡಬ್ಬಿ ಹತ್ತುವ ಮೊದಲು ಕುಸುಮ ಅವ್ವನ ಕಾಲಿಗೆ ಬಿದ್ದು "ಬರತೀನ್ರೀ" ಎಂದಳು. ನನ್ನ ಮನಸ್ಸು ಹಿಗ್ಗಿತು, ಮರುಗಳಿಗೆ ಕುಗ್ಗಿತು. ಹೋಗುತ್ತೇನೆ ಅನ್ನಬಾರದೆಂದು ನಮ್ಮಲ್ಲಿ ಹೋಗುವವರೆಲ್ಲ ಬರುತ್ತೇನೆ ಎಂದೇ ಅನ್ನುತ್ತಾರೆ. ವಸೂಲಿಗೆ ಬಂದ ಪೋಲೀಸ ಕೂಡ ಹಾಗೇ ಅನ್ನುತ್ತಾನೆ. ಇದನ್ನು ಮಾತು ಕೊಟ್ಟದ್ದೆಂದು ತಿಳಿಯಬೇಕೋ, ಬರೀ ರೂಢಿ ಎಂದು ತಿಳಿಯಬೇಕೋ?

ಗಾಡಿ ಅಲುಗಿತು. ಕಿಡಕಿಯಿಂದ ಕುಸುಮ ನನ್ನತ್ತ ಬಗ್ಗಿ, ಅವರಪ್ಪನಿಗೆ ಕೇಳಿಸಿದರೂ ಚಿಂತೆಯಿಲ್ಲವೆಂಬಂತೆ, ತನ್ನ ಮಾತಿನಲ್ಲಿ ಅಂದಳು: "ಯೇತೇ." ಅದರ ಅರ್ಥವೂ ಬರುತ್ತೇನೆ ಎಂದೇ. ಮರಾಠಿಯಲ್ಲೂ ಹೋಗುವವರು ಆಡುವುದು ಅದನ್ನೇ. ಆದರೆ ಒಂದು ಭಾಷೆಯಲ್ಲಿ ಅಂದರೆ ರೂಢಿ ಎನ್ನಬಹುದು, ಎರಡರಲ್ಲೂ ಅಂದರೆ ನಂಬಲೇಬೇಕು. ನಂಬಿದೆ. ಬಂದಳು, ಗೊತ್ತುಮಾಡಿದ ದಿನಕ್ಕಿಂತ ಮೊದಲೇ ಬಂದಳು.

ಇಂದಿಗೂ ನಮ್ಮಿಬ್ಬರಲ್ಲಿ ಯಾರೇ ಹೊರಗೆ ಹೊರಟರೂ ಬಾಗಿಲಲ್ಲಿ ನಿಂತು ಎರಡೂ ಭಾಷೆಯಲ್ಲಿ ಹೇಳಿಯೇ ಮೆಟ್ಟು ಹಾಕಿಕೊಳ್ಳುವುದು. ಕಾಯಿಪಲ್ಲೆ ತರಲು ಹೋಗುವುದಕ್ಕೂ ಇಷ್ಟೇಕೆಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಈ ವಯಸ್ಸಿನಲ್ಲಿ ಒಂದೇ ಭಾಷೆಯ ಮೇಲೆ ಅಷ್ಟು ಭಾರ ಹಾಕುವುದಕ್ಕೆ ಇಬ್ಬರಿಗೂ ಧೈರ್ಯವಿಲ್ಲ.